ಯಾರ ಜೇಬಿಗೂ ಹೋಗದ ಪೋಲು

(ಸಾರ್ವಜನಿಕ ಸಂಸ್ಥೆಗಳ ದಕ್ಷತೆ ಮತ್ತು ಖರ್ಚಿಗೆ ತಕ್ಕ ಫಲ ಕುರಿತ ಉಪನ್ಯಾಸದ ಬರಹ ರೂಪ)

ಸಾರ್ವಜನಿಕ ಹಣ ಪೋಲಾಗುತ್ತಿದೆ ಎಂದ ಕೂಡಲೇ ಎಲ್ಲರ ಮನಸ್ಸಿಗೂ ಬರುವುದು ಲಂಚ, ಕಮಿಷನ್ನು, ಸುಳ್ಳು ಬಿಲ್ಲು. ಅವೆಲ್ಲ ಇಲ್ಲ ಎಂದು ಯಾರೂ ಹೇಳುವುದಿಲ್ಲ. ಆದರೆ ಅದನ್ನಷ್ಟೇ ಹಿಡಿಯಲು ಹೊರಟರೆ ದೊಡ್ಡ ಪಾಲು ಕಣ್ತಪ್ಪಿ ಹೋಗುತ್ತದೆ. ಇಟಲಿಯ ಸಾರ್ವಜನಿಕ ಸಂಸ್ಥೆಗಳು 2000ದಿಂದ 2005ರವರೆಗೆ ಮಾಡಿದ ಖರೀದಿಗಳನ್ನು ಒರಿಯಾನಾ ಬಂದಿಯೇರಾ, ಆಂಡ್ರಿಯಾ ಪ್ರಾಟ್, ಟೊಮಾಸೊ ವಲೆಟ್ಟಿ ಎಂಬ ಮೂವರು ಅರ್ಥಶಾಸ್ತ್ರಜ್ಞರು ಜಾಲಾಡಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ನೋಡಿದ್ದು ಕಂಪ್ಯೂಟರ್, ಕಾಗದ, ಇಂಧನದಂಥ ಮಾಮೂಲಿ ಸಾಮಾನುಗಳನ್ನು. ಅದೇ ಸಾಮಾನಿಗೆ ಒಂದು ಕಚೇರಿ ಕೊಟ್ಟ ಬೆಲೆಗೂ ಇನ್ನೊಂದು ಕೊಟ್ಟ ಬೆಲೆಗೂ ಅಜಗಜಾಂತರ. ನೂರು ಸಂಸ್ಥೆಗಳನ್ನು ಬೆಲೆಯ ಪ್ರಕಾರ ಸಾಲಾಗಿ ನಿಲ್ಲಿಸಿ, ಅಗ್ಗದ ಕಡೆಯಿಂದ ಹತ್ತನೆಯ ಸಂಸ್ಥೆ ಕೊಟ್ಟ ಬೆಲೆಯನ್ನೇ ಉಳಿದವರೂ ಕೊಟ್ಟಿದ್ದರೆ ಆ ಖರ್ಚು ಶೇ 21ರಷ್ಟು ಇಳಿಯುತ್ತಿತ್ತು ಎಂಬುದು ಅವರ ಲೆಕ್ಕ. ಆ ಪೋಲಿನಲ್ಲಿ ಶೇ 83ರಷ್ಟು ಯಾರ ಜೇಬಿಗೂ ಹೋಗಿರಲಿಲ್ಲ. ಕೊಳ್ಳುವವರಿಗೆ ಕೊಳ್ಳಲು ಬಾರದ್ದರಿಂದ, ಕಡಿಮೆಗೆ ಕೊಂಡರೂ ಅವರಿಗೇನೂ ಸಿಗದ್ದರಿಂದ, ನಿಯಮಗಳ ಗೋಜಲಿನಿಂದ ಆದ ನಷ್ಟ ಅದು.

ಇವತ್ತಿನ ಮಾತೆಲ್ಲ ಈ ಶೇ 83ರ ಬಗ್ಗೆ. ಕಳ್ಳನನ್ನು ಹಿಡಿಯುವ ಕೆಲಸಕ್ಕೆ ಬೇರೆ ವ್ಯವಸ್ಥೆಗಳಿವೆ. ಕಳ್ಳನಿಲ್ಲದ ಮನೆಯಲ್ಲೂ ಹಣ ಸೋರುತ್ತದಲ್ಲ, ಅದು ಎಲ್ಲಿ ಎಂದು ಕಂಡುಹಿಡಿಯಬೇಕಾದವರು ಒಳಗಿರುವ ನಾವೇ.

ಲೆಕ್ಕಪರಿಶೋಧಕರು ಮೂರು ಪ್ರಶ್ನೆ ಕೇಳುತ್ತಾರೆ. ಸಾಮಗ್ರಿ, ಜನ, ಜಾಗ ಕಡಿಮೆ ಬೆಲೆಗೆ ಸಿಕ್ಕಿತೇ ಎಂಬುದು ಮಿತವ್ಯಯ. ಅಷ್ಟರಿಂದ ಎಷ್ಟು ಕೆಲಸ ಹೊರಬಂತು ಎಂಬುದು ದಕ್ಷತೆ. ಆ ಕೆಲಸದಿಂದ ಜನರಿಗೆ ಬೇಕಾದದ್ದು ಆಯಿತೇ ಎಂಬುದು ಫಲ. ಬ್ರಿಟನ್ನಿನ 1983ರ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಾಯ್ದೆ ಈ ಮೂರನ್ನೂ ಪರಿಶೀಲಿಸುವ ಅಧಿಕಾರವನ್ನು ಅಲ್ಲಿನ ಮಹಾಲೆಕ್ಕಪರಿಶೋಧಕರಿಗೆ ಕೊಟ್ಟಿತು. ಕಷ್ಟವೆಂದರೆ, ಮೊದಲನೆಯದನ್ನು ಅಳೆಯುವುದು ಸುಲಭ, ಮೂರನೆಯದನ್ನು ಅಳೆಯುವುದು ಕಷ್ಟ. ಹಾಗಾಗಿ ಎಲ್ಲ ಕಡೆಯೂ ಮೊದಲನೆಯದೇ ಮೆರೆಯುತ್ತದೆ. ಅಗ್ಗದ ಔಷಧಿ ಕೊಂಡು, ಬೇಗ ಬೇಗ ಹಂಚಿ, ರೋಗ ಮಾತ್ರ ಹಾಗೇ ಉಳಿದಿದ್ದರೂ ಕಡತ ಮಾತ್ರ ಅಚ್ಚುಕಟ್ಟಾಗಿರುತ್ತದೆ.

ಮೊದಲು ಮಾಡಬೇಕಾದ ಲೆಕ್ಕ ಒಂದೇ: ಮುಗಿದ ಒಂದು ಕೆಲಸಕ್ಕೆ ಬಿದ್ದ ಖರ್ಚು. ಒಂದು ಪರವಾನಗಿಗೆ ಎಷ್ಟು, ರಿಪೇರಿಯಾದ ಒಂದು ಬೀದಿ ದೀಪಕ್ಕೆ ಎಷ್ಟು, ಸೋರದೆ ಮನೆ ತಲುಪಿದ ಸಾವಿರ ಲೀಟರ್ ನೀರಿಗೆ ಎಷ್ಟು. ಆಶ್ಚರ್ಯವೆನ್ನಿಸಬಹುದು, ಬಹಳಷ್ಟು ಸಂಸ್ಥೆಗಳಲ್ಲಿ ಈ ಸಂಖ್ಯೆ ಎಲ್ಲೂ ಇರುವುದಿಲ್ಲ. ಆಯವ್ಯಯ ಸಂಬಳ, ಬಾಡಿಗೆ, ವಿದ್ಯುತ್, ವಾಹನ ಎಂದು ತಲೆಬರಹವಾರು ಇರುತ್ತದೆಯೇ ಹೊರತು ಕೆಲಸವಾರು ಇರುವುದಿಲ್ಲ. ಲೆಕ್ಕ ಹಾಕುವಾಗ ಎರಡು ಕಡೆ ಎಡವುತ್ತೇವೆ. ಖರ್ಚಿನ ಕಡೆಯಲ್ಲಿ ಸಂಬಳವನ್ನು ಬಿಟ್ಟುಬಿಡುತ್ತೇವೆ, ಏಕೆಂದರೆ 'ಅದು ಹೇಗಿದ್ದರೂ ಕೊಡಲೇಬೇಕು'. ಪಿಂಚಣಿ, ಕಟ್ಟಡ, ಕಂಪ್ಯೂಟರ್ ವಿಭಾಗದ ಪಾಲನ್ನಂತೂ ನೆನೆಸಿಕೊಳ್ಳುವುದೇ ಇಲ್ಲ. ಕೆಲಸದ ಕಡೆಯಲ್ಲಿ ಬಂದ ಅರ್ಜಿಗಳನ್ನು ಎಣಿಸುತ್ತೇವೆ. ಎಣಿಸಬೇಕಾದದ್ದು ಸರಿಯಾಗಿ ಮುಗಿದು, ಮತ್ತೆ ವಾಪಸು ಬಾರದ ಅರ್ಜಿಗಳನ್ನು.

ಒಂದು ಕಚೇರಿಯನ್ನು ಹತ್ತಿರದಿಂದ ನೋಡೋಣ. ಇದು ಲೆಕ್ಕಕ್ಕಾಗಿ ಕಲ್ಪಿಸಿಕೊಂಡ ಕಚೇರಿ. 12 ಜನ ಸಿಬ್ಬಂದಿ. ರಜೆ, ತರಬೇತಿ, ಸಭೆ ಕಳೆದು ತಲಾ 200 ದಿನ, ದಿನಕ್ಕೆ ಆರು ಗಂಟೆಯ ನಿಜವಾದ ಕೆಲಸ. ವರ್ಷಕ್ಕೆ 14,400 ಗಂಟೆ. ಬರುವ ಅರ್ಜಿ 24,000. ಒಂದು ಅರ್ಜಿಯನ್ನು ಕೈಗೆತ್ತಿಕೊಂಡು ಪರಿಶೀಲಿಸಿ ಆದೇಶ ಬರೆಯಲು ಬೇಕಾದದ್ದು 20 ನಿಮಿಷ. ಒಟ್ಟು 8,000 ಗಂಟೆ. ಕಾಗದದ ಮೇಲೆ ಇಲ್ಲಿ ಸುಮಾರು ಐದು ಜನ ಹೆಚ್ಚಿದ್ದಾರೆ. ವಾಸ್ತವದಲ್ಲಿ ಎಲ್ಲರೂ ತಲೆಯೆತ್ತಲು ಪುರುಸೊತ್ತಿಲ್ಲದೆ ದುಡಿಯುತ್ತಿದ್ದಾರೆ, 6,000 ಅರ್ಜಿ ಬಾಕಿ ಬೇರೆ ಇದೆ. ಇನ್ನೂ ನಾಲ್ಕು ಹುದ್ದೆ ಕೊಡಿ ಎಂದು ಮೇಲಕ್ಕೆ ಪತ್ರ ಹೋಗಿದೆ.

ಉಳಿದ 6,400 ಗಂಟೆ ಎಲ್ಲಿ ಹೋಯಿತು? ಎರಡು ವಾರ ಪ್ರತಿ ಮೇಜಿನಲ್ಲೂ ಒಂದು ಹಾಳೆ ಇಟ್ಟು, ಬಂದ ಪ್ರತಿ ಕರೆ, ಪ್ರತಿ ಭೇಟಿ, ಪ್ರತಿ ಕಾಗದಕ್ಕೆ ಒಂದು ಗೆರೆ ಎಳೆಯಿರಿ. ಇಂಥ ಕಚೇರಿಯಲ್ಲಿ ಕಾಣುವ ಚಿತ್ರ ಹೀಗಿರುತ್ತದೆ: 'ನಮ್ಮ ಅರ್ಜಿ ಏನಾಯಿತು' ಎಂದು ಕೇಳಲು ಬಂದವರು ವರ್ಷಕ್ಕೆ 16,000, ತಲಾ ಹತ್ತು ನಿಮಿಷ, ಅದು ಸುಮಾರು 2,670 ಗಂಟೆ. ದಾಖಲೆ ಸಾಲದು ಎಂದು ಹಿಂದಿರುಗಿಸಿ ಮತ್ತೆ ಬಂದ ಅರ್ಜಿ 9,000, ತಲಾ 20 ನಿಮಿಷ, 3,000 ಗಂಟೆ. ಅಲ್ಲಿಗೆ 5,670 ಗಂಟೆ ಲೆಕ್ಕಕ್ಕೆ ಸಿಕ್ಕಿತು. ಇದು ಜನರಿಗೆ ಬೇಕಾಗಿದ್ದ ಕೆಲಸವೇ ಅಲ್ಲ. ಮೊದಲ ಸಲ ಸರಿಯಾಗಿ ಆಗದ್ದರಿಂದ ಹುಟ್ಟಿಕೊಂಡ ಕೆಲಸ. ಬ್ರಿಟನ್ನಿನ ನಿರ್ವಹಣಾ ಚಿಂತಕ ಜಾನ್ ಸೆಡನ್ ಈ ಬಗೆಯ ಕೆಲಸವನ್ನು ಬೇರೆಯಾಗಿ ಎಣಿಸಬೇಕೆಂದು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಈ ಒಂದು ವಿಷಯದಲ್ಲಿ ಅವರ ಮಾತು ಕಚೇರಿಯಿಂದ ಕಚೇರಿಗೆ ನಿಜವಾಗುತ್ತ ಹೋಗುತ್ತದೆ.

ಪರಿಹಾರಕ್ಕೆ ದೊಡ್ಡ ತಂತ್ರಾಂಶ ಬೇಡ. ಹಿಂದಿರುಗಿಸಿದ ಅರ್ಜಿಗಳಲ್ಲಿ 200 ತೆಗೆದುಕೊಂಡು ಕಾರಣವಾರು ವಿಂಗಡಿಸಿ. ಸಾಮಾನ್ಯವಾಗಿ ಮೂರ್ನಾಲ್ಕು ಕಾರಣಗಳೇ ಬಹುಪಾಲು ತುಂಬಿರುತ್ತವೆ: ಅರ್ಥವಾಗದ ಒಂದು ಕಾಲಂ, ಯಾವ ದಾಖಲೆ ಎಂದು ಸ್ಪಷ್ಟವಿಲ್ಲದ ಒಂದು ಸಾಲು, ಬೇರೆ ವಿಭಾಗದಲ್ಲಿ ಈಗಾಗಲೇ ಇರುವ ದಾಖಲೆಯನ್ನೇ ಮತ್ತೆ ಕೇಳುವುದು. ನಮೂನೆ ತಿದ್ದಿ. ಅರ್ಜಿ ತೆಗೆದುಕೊಳ್ಳುವ ಜಾಗದಲ್ಲೇ, ಅರ್ಜಿದಾರರು ಎದುರಿಗಿರುವಾಗಲೇ, ಐದು ನಿಮಿಷದ ತಪಾಸಣೆ ಇಡಿ. ಅಲ್ಲಿಗೆ ಅತಿ ಕಿರಿಯರನ್ನು ಕೂರಿಸುವುದು ರೂಢಿ; ಕೂರಿಸಬೇಕಾದದ್ದು ಕೆಲಸ ಚೆನ್ನಾಗಿ ಬಲ್ಲವರನ್ನು. 24,000 ಅರ್ಜಿಗೆ ಐದು ನಿಮಿಷ ಎಂದರೆ 2,000 ಗಂಟೆಯ ಖರ್ಚು, ಅದನ್ನು ಮರೆಯಬೇಡಿ. ವಾಪಸಾತಿ 9,000ದಿಂದ 3,000ಕ್ಕೆ ಇಳಿದರೆ ಉಳಿಯುವುದೂ 2,000 ಗಂಟೆಯೇ. ಹಾಗಾದರೆ ಲಾಭವೇನು ಬಂತು? ಲಾಭ ಬರುವುದು ಎರಡು ಕಡೆಯಿಂದ: ಒಳಗಿನ ಪರಿಶೀಲನೆಯಲ್ಲಿ ಆ ಐದು ನಿಮಿಷ ಕಡಿಮೆಯಾಗಬೇಕು, ಮತ್ತು ಬೇಗ ಮುಗಿದ ಅರ್ಜಿಯ ಬಗ್ಗೆ ವಿಚಾರಿಸಲು ಯಾರೂ ಬರುವುದಿಲ್ಲ. ಹೊರಗೆ ನೋಡಿದ್ದನ್ನೇ ಒಳಗೆ ಇನ್ನೊಬ್ಬರು ಮತ್ತೆ ನೋಡುತ್ತ ಕೂತರೆ ಮೊದಲನೆಯ ಲಾಭ ಬರುವುದೇ ಇಲ್ಲ. ಬಹಳ ಕಡೆ ಆಗಿರುವುದೂ ಅದೇ.

ಬಾಕಿಯ ಲೆಕ್ಕಕ್ಕೆ ಅಮೆರಿಕದ ವಿದ್ವಾಂಸ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರ ಸಾಕು: ಬಾಕಿ ಇರುವ ಸಂಖ್ಯೆಯನ್ನು ದಿನದ ವಿಲೇವಾರಿಯಿಂದ ಭಾಗಿಸಿದರೆ ಸರಾಸರಿ ಕಾಯುವ ದಿನ. 240 ದಿನ ತೆರೆದಿರುವ ಕಚೇರಿ ದಿನಕ್ಕೆ 100 ಅರ್ಜಿ ಮುಗಿಸುತ್ತದೆ; 6,000 ಬಾಕಿ; 60 ಕೆಲಸದ ದಿನ. ಇಪ್ಪತ್ತು ನಿಮಿಷದ ಕೆಲಸಕ್ಕೆ ಸುಮಾರು ಮೂರು ತಿಂಗಳು! ಆ ಅರ್ಜಿ ಉಳಿದ ಕಾಲವೆಲ್ಲ ಮೇಜುಗಳ ನಡುವೆ ಮಲಗಿರುತ್ತದೆ. ಒಂದು ಕಡತಕ್ಕೆ ಏಳು ಸಹಿ ಇದ್ದರೆ ಏಳರ ಮುಂದೂ 'ಈ ಸಹಿಯ ಕಾರಣದಿಂದ ಕಳೆದ ವರ್ಷ ಎಷ್ಟು ಕಡತಗಳ ತೀರ್ಮಾನ ಬದಲಾಯಿತು' ಎಂದು ಬರೆದು ನೋಡಿ. ಸೊನ್ನೆ ಬಂದ ಸಹಿಗಳು 'ಮಂಡಿಸಿದೆ', 'ಅನುಮೋದನೆಗಾಗಿ' ಎಂಬ ಷರಾಗಳಷ್ಟೇ. ಅವನ್ನು ತೆಗೆಯುವಾಗ ಒಂದು ಮಾತು: ಜವಾಬ್ದಾರಿ ಯಾರದು ಎಂದು ಉಳಿದ ಸಹಿಗಳ ಮುಂದೆ ಬರೆಯದಿದ್ದರೆ, ಭಯದಿಂದ ಆರು ತಿಂಗಳಲ್ಲಿ ಹಳೆಯ ಸಹಿಗಳು ಮತ್ತೆ ಚಿಗುರುತ್ತವೆ.

ಇಲ್ಲೇ ಇನ್ನೊಂದು ತಪ್ಪು ಕಲ್ಪನೆಯನ್ನೂ ಹೇಳಿಬಿಡುತ್ತೇನೆ. ಸಿಬ್ಬಂದಿ ಒಂದು ನಿಮಿಷವೂ ಖಾಲಿ ಕೂರಬಾರದು ಎಂಬುದು ದಕ್ಷತೆಯಲ್ಲ. ಜನ ಹೊತ್ತುಗೊತ್ತಿಲ್ಲದೆ ಬರುವ ಒಂದೇ ಕೌಂಟರ್ ಇದ್ದಾಗ, ಅಲ್ಲಿನವರು ಶೇ 80ರಷ್ಟು ಹೊತ್ತು ಕೆಲಸದಲ್ಲಿದ್ದರೆ, ಸರತಿ ಸಾಲಿನ ಸರಳ ಸೂತ್ರದ ಪ್ರಕಾರ ಸರಾಸರಿ ಕಾಯುವ ಹೊತ್ತು ಒಂದು ಕೆಲಸದ ನಾಲ್ಕರಷ್ಟು. ಶೇ 90 ಆದರೆ ಒಂಬತ್ತರಷ್ಟು. ಶೇ 95 ಆದರೆ ಹತ್ತೊಂಬತ್ತರಷ್ಟು. ಕೊನೆಯ ಐದು ಶೇಕಡಾ ಹಿಂಡಿ ತೆಗೆದರೆ ಸಾಲು ಇಮ್ಮಡಿಗಿಂತ ಹೆಚ್ಚುತ್ತದೆ, ಸಾಲು ಬೆಳೆದರೆ ವಿಚಾರಿಸುವವರೂ ಬೆಳೆಯುತ್ತಾರೆ. ಕೌಂಟರಿಗೊಂದು ಸಾಲು ಬಿಟ್ಟು, ಎಲ್ಲಕ್ಕೂ ಸೇರಿ ಒಂದೇ ಸಾಲು ಮಾಡಿದರೆ ಖರ್ಚಿಲ್ಲದೆ ಕಾಯುವ ಹೊತ್ತು ತಗ್ಗುತ್ತದೆ.

ಇನ್ನು ಖರೀದಿ. ಹಣ ಹೆಚ್ಚು ಸೋರುವ ಜಾಗ ಇದೇ, ಹಾಗಾಗಿ ಸ್ವಲ್ಪ ಹೊತ್ತು ಇಲ್ಲೇ ನಿಲ್ಲಬೇಕು.

ಕಡಿಮೆ ಬೆಲೆಗೆ ಕೊಳ್ಳುವುದು ಉಳಿತಾಯವೆಂದು ತಿಳಿದವರಿಗೆ ಪಂಪ್‌ಸೆಟ್ಟಿನ ಉದಾಹರಣೆ ಸಾಕು. ಒಂದರ ಬೆಲೆ 100, ವರ್ಷಕ್ಕೆ ವಿದ್ಯುತ್ 60. ಇನ್ನೊಂದರ ಬೆಲೆ 140, ವಿದ್ಯುತ್ 48. ಹತ್ತು ವರ್ಷಕ್ಕೆ ಮೊದಲನೆಯದು 700, ಎರಡನೆಯದು 620. ಕನಿಷ್ಠ ದರದ ನಿಯಮದಲ್ಲಿ ಗೆಲ್ಲುವುದು ಮೊದಲನೆಯದೇ. ನಿಯಮ ತಪ್ಪಲ್ಲ, 'ದರ' ಎಂದರೇನು ಎಂದು ಟೆಂಡರ್ ದಾಖಲೆಯಲ್ಲಿ ಬರೆದದ್ದು ತಪ್ಪು. ಬೆಲೆ, ಹತ್ತು ವರ್ಷದ ವಿದ್ಯುತ್, ಬಿಡಿಭಾಗ, ಕೊನೆಗೆ ತೆಗೆದುಹಾಕುವ ಖರ್ಚು ಎಲ್ಲ ಸೇರಿಸಿ ಹೋಲಿಸುತ್ತೇವೆ ಎಂದು ಮೊದಲೇ ಪ್ರಕಟಿಸಿದರೆ ಅದೇ ಕನಿಷ್ಠ ದರ. ಬಿಡ್ ತೆರೆದ ಮೇಲೆ ಹೇಳಿದರೆ ಅದು ಪಕ್ಷಪಾತ. ಪೂರೈಕೆದಾರರು ಬರೆದುಕೊಟ್ಟ ವಿದ್ಯುತ್ ಬಳಕೆಯನ್ನು ಪರೀಕ್ಷಿಸಿ ನೋಡುವ ಷರತ್ತು, ತಪ್ಪಿದರೆ ಕಡಿತ, ಇವೆರಡೂ ಒಪ್ಪಂದದಲ್ಲಿರಬೇಕು. ಇಲ್ಲದಿದ್ದರೆ ಎಲ್ಲರೂ ಚಂದದ ಅಂಕಿ ಬರೆಯುತ್ತಾರೆ.

ಬಿಡ್ ಹಾಕುವವರು ಇಬ್ಬರೇ ಬಂದರು ಎಂದರೆ ಎಲ್ಲರಿಗೂ ಒಳಸಂಚಿನ ಅನುಮಾನ. ಎಷ್ಟೋ ಸಲ ಕಾರಣ ನಮ್ಮದೇ ದಾಖಲೆ. ಸಣ್ಣ ಕೆಲಸಕ್ಕೆ ಭಾರಿ ವಹಿವಾಟಿನ ಷರತ್ತು, ಬಿಡ್ ಸಲ್ಲಿಸಲು ವಾರದ ಗಡುವು, ಒಂದೇ ಕಂಪನಿಯ ಕ್ಯಾಟಲಾಗಿನಿಂದ ನಕಲು ಹೊಡೆದ ಸ್ಪೆಸಿಫಿಕೇಷನ್. ಇವೆಲ್ಲಕ್ಕಿಂತ ಮುಖ್ಯವಾಗಿ, ಬಿಲ್ಲು ಪಾವತಿಯ ತಡ. ಪೂರೈಕೆದಾರರು ವರ್ಷಕ್ಕೆ ಶೇ 18 ಬಡ್ಡಿಗೆ ಸಾಲ ತಂದು ಸಾಮಾನು ಕೊಡುತ್ತಾರೆ ಎಂದುಕೊಳ್ಳಿ. ನೀವು ಆರು ತಿಂಗಳು ಬಿಟ್ಟು ಹಣ ಕೊಡುತ್ತೀರಿ. ದರದಲ್ಲಿ ಶೇ 9 ಅಲ್ಲೇ ಸೇರಿತು. ಹಣ ಯಾವಾಗ ಬರುತ್ತದೋ ಎಂಬ ಅನಿಶ್ಚಿತತೆಗೆ ಇನ್ನಷ್ಟು. ಬಂಡವಾಳ ಕಡಿಮೆಯಿರುವ ಒಳ್ಳೆಯ ಸಣ್ಣ ಪೂರೈಕೆದಾರರು ದೂರ ಸರಿಯುತ್ತಾರೆ, ಬಿಲ್ಲು ಪಾಸು ಮಾಡಿಸಿಕೊಳ್ಳುವ ಕಲೆ ಬಲ್ಲವರು ಉಳಿಯುತ್ತಾರೆ. ಬೆಲೆ ಇಳಿಸಲು ಇರುವ ಅತಿ ಅಗ್ಗದ ದಾರಿ, 30 ದಿನದಲ್ಲಿ ಬಿಲ್ಲು ಪಾವತಿಸಿ ಅದನ್ನು ಊರೆಲ್ಲ ತಿಳಿಯುವ ಹಾಗೆ ಮಾಡುವುದು.

ಕಾಮಗಾರಿ ಟೆಂಡರಿನಲ್ಲಿ ಕನಿಷ್ಠ ದರ ಹೇಗೆ ಮೋಸ ಮಾಡುತ್ತದೆ ಎಂಬುದನ್ನು ಅಂಕಿಗಳಲ್ಲೇ ನೋಡಬೇಕು. ಅಂದಾಜು ಪಟ್ಟಿಯಲ್ಲಿ ಮಣ್ಣು ಅಗೆತ 1,000 ಘನ ಮೀಟರ್, ಬಂಡೆ ಒಡೆಯುವುದು 50 ಘನ ಮೀಟರ್ ಎಂದಿದೆ. ಮೊದಲ ಗುತ್ತಿಗೆದಾರರ ದರ ಮಣ್ಣಿಗೆ 10, ಬಂಡೆಗೆ 40, ಒಟ್ಟು 12,000. ಎರಡನೆಯವರದು ಮಣ್ಣಿಗೆ 7, ಬಂಡೆಗೆ 90, ಒಟ್ಟು 11,500. ಕೆಲಸ ಎರಡನೆಯವರಿಗೆ. ಅಗೆಯುತ್ತ ಹೋದಾಗ ಸಿಕ್ಕಿದ್ದು 600 ಘನ ಮೀಟರ್ ಮಣ್ಣು, 450 ಬಂಡೆ. ಮೊದಲನೆಯವರಾಗಿದ್ದರೆ 24,000 ಕೊಡಬೇಕಿತ್ತು. ಈಗ ಕೊಡಬೇಕಾದದ್ದು 44,700. ಎಲ್ಲೂ ನಿಯಮ ಮುರಿದಿಲ್ಲ, ಎಲ್ಲ ಸಹಿಯೂ ಸರಿ. ಆ ನೆಲದಲ್ಲಿ ಬಂಡೆಯಿದೆ ಎಂದು ಗುತ್ತಿಗೆದಾರರಿಗೆ ಗೊತ್ತಿತ್ತು, ಅಂದಾಜು ಪಟ್ಟಿ ಬರೆದವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಇದಕ್ಕೆ ಮೂರು ತಡೆಗಳಿವೆ. ಟೆಂಡರಿಗೆ ಮುಂಚೆ ನಾಲ್ಕಾರು ಕಡೆ ಗುಂಡಿ ತೋಡಿ ನೋಡುವುದು ಮೊದಲನೆಯದು. ಅದರ ಖರ್ಚು ಅಂತಿಮ ಬಿಲ್ಲಿನ ಮುಂದೆ ಏನೇನೂ ಅಲ್ಲ, ಆದರೂ 'ತನಿಖೆಗೆ ಅನುದಾನವಿಲ್ಲ' ಎಂದು ಬಿಡುವುದು ಅದನ್ನೇ. ಬಿಡ್ ತೆರೆದ ಮೇಲೆ ಪ್ರತಿ ಬಾಬಿನ ದರವನ್ನೂ ಅಂದಾಜಿನ ದರದ ಪಕ್ಕದಲ್ಲಿಟ್ಟು, ಎದ್ದು ಕಾಣುವ ಬಾಬಿನ ಪ್ರಮಾಣವನ್ನು ಇಮ್ಮಡಿ, ಐದು ಪಟ್ಟು ಮಾಡಿ ಯಾರು ಅಗ್ಗ ಎಂದು ಮತ್ತೆ ಲೆಕ್ಕ ಹಾಕುವುದು ಎರಡನೆಯದು. ಪ್ರಮಾಣ ಇಂತಿಷ್ಟು ಶೇಕಡಾ ಮೀರಿದರೆ ದರ ಮರುನಿಗದಿ ಎಂಬ ಷರತ್ತು ಮೂರನೆಯದು. ಮೂರನೆಯದನ್ನು ಎಲ್ಲರೂ ಬರೆಯುತ್ತಾರೆ. ಆದರೆ ಆದ ಕೆಲಸದ ಪ್ರಮಾಣ ಬರೆದಿಡುವ ಅಳತೆ ಪುಸ್ತಕವನ್ನು ತಿಂಗಳು ತಿಂಗಳು ತುಂಬದಿದ್ದರೆ ಮಿತಿ ಮೀರಿದ್ದು ಕೆಲಸ ಮುಗಿದ ಮೇಲೆಯೇ ತಿಳಿಯುವುದು.

ಎಲ್ಲ ಕಚೇರಿಗಳ ಬೇಡಿಕೆ ಸೇರಿಸಿ ಒಟ್ಟಿಗೆ ಕೊಳ್ಳುವುದು ಕಾಗದ, ಕಂಪ್ಯೂಟರಿನಂಥ ಒಂದೇ ಬಗೆಯ ಸಾಮಾನಿಗೆ ಒಳ್ಳೆಯದು. ಜಾಗದಿಂದ ಜಾಗಕ್ಕೆ ಬದಲಾಗುವ ರಿಪೇರಿ, ಆರೈಕೆ, ಸ್ವಚ್ಛತೆಯಂಥ ಸೇವೆಗೆ ಅದನ್ನೇ ಹಚ್ಚಿದರೆ ದೂರದ ದೊಡ್ಡ ಗುತ್ತಿಗೆ, ಹತ್ತಿರದ ಕೆಟ್ಟ ಕೆಲಸ.

ಹಣಕಾಸು ವರ್ಷದ ಕೊನೆಯ ವಾರದ ಬಗ್ಗೆ ಒಂದು ಅಧ್ಯಯನ ಹೇಳಲೇಬೇಕು. ಅಮೆರಿಕದ ಕೇಂದ್ರ ಸರ್ಕಾರದ ಖರೀದಿಗಳನ್ನು ಜೆಫ್ರಿ ಲೀಬ್‌ಮನ್ ಮತ್ತು ನೀಲ್ ಮಹೋನಿ ನೋಡಿ 2017ರಲ್ಲಿ ಪ್ರಕಟಿಸಿದರು. ವರ್ಷದ ಕಡೆಯ ವಾರದ ಖರ್ಚು, ಉಳಿದ ವಾರಗಳ ಸರಾಸರಿಯ 4.9 ಪಟ್ಟು. ಆ ವಾರದಲ್ಲಿ ಸಹಿಯಾದ ಮಾಹಿತಿ ತಂತ್ರಜ್ಞಾನ ಯೋಜನೆಗಳ ಗುಣಮಟ್ಟದ ಅಂಕಗಳೂ ಸ್ಪಷ್ಟವಾಗಿ ಕಡಿಮೆ. ಉಳಿದ ಹಣವನ್ನು ಮುಂದಿನ ವರ್ಷಕ್ಕೆ ಒಯ್ಯಲು ಅವಕಾಶವಿದ್ದ ನ್ಯಾಯ ಇಲಾಖೆಯಲ್ಲಿ ಆ ಕುಸಿತ ಕಾಣಲಿಲ್ಲ. ವರ್ಷ ಮುಗಿದರೆ ಉಳಿದ ಅನುದಾನ ಲ್ಯಾಪ್ಸ್ ಆಗುತ್ತದೆ, ಅಂದರೆ ಕೈತಪ್ಪುತ್ತದೆ ಎಂಬ ಹೆದರಿಕೆಯೇ ಬೇಡದ ಖರೀದಿಗೆ ತಾಯಿ. ಪೂರ್ತಿ ಒಯ್ಯಲು ಬಿಡಲಾಗದಿದ್ದರೂ ಒಂದು ಪಾಲನ್ನಾದರೂ ಒಯ್ಯಲು ಬಿಡುವುದು, ದೊಡ್ಡ ಖರೀದಿಗೆ ಹಣಕಾಸು ವರ್ಷದ ಒಂಬತ್ತನೇ ತಿಂಗಳ ಕೊನೆಯೇ ಗಡುವು ಎಂದು ಕಟ್ಟುವುದು, ಇಷ್ಟಕ್ಕೇ ಬಹಳ ವ್ಯತ್ಯಾಸವಾಗುತ್ತದೆ.

ಹಣ ಕಡಿತ ಮಾಡಿ ಎಂದಾಗ ಮೊದಲು ಬಲಿಯಾಗುವುದು ನಿರ್ವಹಣೆ, ಏಕೆಂದರೆ ಚರಂಡಿ ತೆಗೆಯದಿದ್ದರೆ ಈ ವರ್ಷ ಯಾರೂ ಕೇಳುವುದಿಲ್ಲ. ಆಫ್ರಿಕಾದ ರಸ್ತೆಗಳ ಬಗ್ಗೆ ವಿಶ್ವ ಬ್ಯಾಂಕ್ 1994ರ ವರದಿಯಲ್ಲಿ ಕೊಟ್ಟ ಲೆಕ್ಕ: ಹಿಂದಿನ ಹತ್ತು ವರ್ಷಗಳಲ್ಲಿ ಸಕಾಲಕ್ಕೆ 12 ಬಿಲಿಯನ್ ಡಾಲರ್ ನಿರ್ವಹಣೆಗೆ ಹಾಕಿದ್ದರೆ 45 ಬಿಲಿಯನ್ ಡಾಲರಿನ ಮರುನಿರ್ಮಾಣ ತಪ್ಪುತ್ತಿತ್ತು. ರಸ್ತೆ ಕೆಡುವುದು ಒಂದೇ ವೇಗದಲ್ಲಿ ಅಲ್ಲ. ಬಿರುಕು ಮುಚ್ಚದೆ ನೀರು ತಳಪಾಯಕ್ಕೆ ಇಳಿಯುವ ತನಕ ನಿಧಾನ, ಇಳಿದ ಮೇಲೆ ಭರದಿಂದ.

ಇನ್ನು ಕಾಗದದ ಉಳಿತಾಯ. 40 ಜನರಿಗೆ ದಿನಕ್ಕೆ ತಲಾ 15 ನಿಮಿಷ ಉಳಿಸಿದೆವು, ಒಟ್ಟು ಹತ್ತು ಗಂಟೆ, ಇಷ್ಟು ಸಂಬಳ ಉಳಿಯಿತು ಎಂದು ವರದಿ ಹೋಗುತ್ತದೆ. ಯಾರ ಸಂಬಳವೂ ನಿಂತಿರುವುದಿಲ್ಲ. ಆ ಹತ್ತು ಗಂಟೆಯಲ್ಲಿ ಯಾವ ಬಾಕಿ ಕೆಲಸ ಎಷ್ಟು ಮುಗಿಯಿತು ಎಂದು ತೋರಿಸಿದರೆ ಮಾತ್ರ ಉಳಿತಾಯ. ಬ್ರಿಟನ್ನಿನಲ್ಲಿ ಸರ್ಕಾರಿ ದಕ್ಷತೆಯ ಬಗ್ಗೆ ಪೀಟರ್ ಗರ್ಷನ್ 2004ರಲ್ಲಿ ಕೊಟ್ಟ ವರದಿಯ ಮೇಲೆ 21.5 ಬಿಲಿಯನ್ ಪೌಂಡ್ ಉಳಿತಾಯದ ಗುರಿ ಇಟ್ಟರು. 2007ರಲ್ಲಿ 13.3 ಬಿಲಿಯನ್ ಉಳಿದಿದೆ ಎಂದು ಇಲಾಖೆಗಳು ಹೇಳಿದಾಗ, ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಸರಿಯಾಗಿದೆ ಎಂದು ಒಪ್ಪಿದ್ದು 3.5 ಬಿಲಿಯನ್ ಮಾತ್ರ. ಉಳಿದದ್ದರಲ್ಲಿ ಅಳತೆಯ ತಕರಾರು. ತೊಂದರೆಯ ಒಂದು ಮುಖ್ಯ ಕಾರಣ: ಶುರುವಿಗೆ ಮುಂಚೆ ಖರ್ಚೆಷ್ಟಿತ್ತು, ಸೇವೆ ಹೇಗಿತ್ತು ಎಂದು ಬರೆದಿಟ್ಟುಕೊಳ್ಳದೆ ಇದ್ದದ್ದು. ಇದರ ಜೊತೆಗೆ ಹೊರೆಯನ್ನು ಪಕ್ಕಕ್ಕೆ ತಳ್ಳುವ ಉಳಿತಾಯವೂ ಇದೆ. ನೇಮಕಾತಿ ನಿಲ್ಲಿಸಿ ಅದೇ ಕೆಲಸಕ್ಕೆ ಏಜೆನ್ಸಿಯಿಂದ ಜನರನ್ನು ತಂದರೆ ಖರ್ಚು ಸಂಬಳದ ತಲೆಬರಹದಿಂದ ಸೇವೆಗಳ ತಲೆಬರಹಕ್ಕೆ ಜಿಗಿಯುತ್ತದೆ. ಕಚೇರಿ ತಾನು ತೆಗೆಯಬೇಕಿದ್ದ ಮೂರು ನಕಲನ್ನು ಅರ್ಜಿದಾರರಿಂದ ತರಿಸಿದರೆ ಖರ್ಚು ಲೆಕ್ಕದಿಂದಲೇ ಮಾಯ.

ಗುರಿ ಇಡುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇಂಗ್ಲೆಂಡಿನ ಆಸ್ಪತ್ರೆಗಳ ತುರ್ತು ವಿಭಾಗದಲ್ಲಿ ನಾಲ್ಕು ಗಂಟೆಯೊಳಗೆ ರೋಗಿಯ ವಿಷಯ ಇತ್ಯರ್ಥವಾಗಬೇಕೆಂಬ ಗುರಿ ಬಂದ ಮೇಲೆ ಕಾಯುವ ಸಮಯ ನಿಜಕ್ಕೂ ಇಳಿಯಿತು. ಜೊತೆಗೆ ನಾಲ್ಕನೇ ಗಂಟೆ ತುಂಬುವ ಕೆಲವೇ ನಿಮಿಷ ಮೊದಲು ಒಮ್ಮೆಗೇ ರೋಗಿಗಳು ವಾರ್ಡಿಗೆ ಹೋಗುವ ಏರಿಕೆಯೂ ಅಂಕಿಅಂಶಗಳಲ್ಲಿ ಕಂಡಿತು. ಹಾಗಾಗಿ ವೇಗದ ಗುರಿಯ ಪಕ್ಕದಲ್ಲಿ ಯಾವಾಗಲೂ ಮರುಕೆಲಸದ ಅಳತೆ ಇರಲಿ, ಸರಾಸರಿಯ ಪಕ್ಕದಲ್ಲಿ ಅತಿ ಹಳೆಯ ಹತ್ತು ಕಡತಗಳ ವಯಸ್ಸು ಇರಲಿ.

ಉಪನ್ಯಾಸದ ನಂತರ ಸಭೆಯಿಂದ ಬಂದ ಪ್ರಶ್ನೆ: 'ಉಳಿತಾಯ ತೋರಿಸಿದರೆ ಮುಂದಿನ ವರ್ಷ ನಮ್ಮ ಅನುದಾನಕ್ಕೇ ಕತ್ತರಿ ಬೀಳುತ್ತದೆ. ಯಾಕೆ ತೋರಿಸಬೇಕು?'

ನ್ಯಾಯವಾದ ಪ್ರಶ್ನೆ. ತೋರಿಸಬೇಡಿ, ಮೊದಲು ಒಪ್ಪಂದ ಮಾಡಿಕೊಳ್ಳಿ ಎಂಬುದೇ ಉತ್ತರ. ಉಳಿದ ಹಣದ ಎಷ್ಟು ಪಾಲು ಘಟಕದಲ್ಲೇ ಉಳಿಯುತ್ತದೆ, ಎಷ್ಟು ವರ್ಷ ಉಳಿಯುತ್ತದೆ, ಯಾವುದಕ್ಕೆ ಬಳಸಬಹುದು ಎಂಬ ಮೂರೂ ಅದರಲ್ಲಿರಬೇಕು. ಅರ್ಧ ಪಾಲು, ಎರಡು ವರ್ಷ ಎಂಬುದು ಎರಡೂ ಕಡೆ ಒಪ್ಪಬಹುದಾದ ಆರಂಭ. ಬಳಕೆ ಉಪಕರಣ, ತರಬೇತಿ, ದುರಸ್ತಿಗೆ ಇರಲಿ. ಹೊಸ ಹುದ್ದೆಗೆ ಬೇಡ, ಏಕೆಂದರೆ ಎರಡು ವರ್ಷ ಕಳೆದ ಮೇಲೂ ಆ ಸಂಬಳ ನಿಲ್ಲುವುದಿಲ್ಲ. ಮೂಲ ವರ್ಷದ ಖರ್ಚು ಮತ್ತು ಸೇವೆಯ ಮಟ್ಟವನ್ನು ಘಟಕದವರೇ ಬರೆದುಕೊಳ್ಳಬಾರದು, ಹಣಕಾಸು ವಿಭಾಗ ಬರೆದು ಇಬ್ಬರೂ ಸಹಿ ಹಾಕಬೇಕು. ಇಷ್ಟೆಲ್ಲ ಮುಂದಿನ ವರ್ಷದ ಬೇಡಿಕೆ ಕೇಳುವ ಆಯವ್ಯಯದ ಸುತ್ತೋಲೆ ಹೊರಡುವ ಮುಂಚೆ ಆಗಿರಬೇಕು. ಸುತ್ತೋಲೆ ಹೊರಟ ಮೇಲೆ ತೋರಿಸಿದ ಉಳಿತಾಯವನ್ನು ಯಾವ ಹಣಕಾಸು ವಿಭಾಗವೂ ವಾಪಸು ಕೊಡುವುದಿಲ್ಲ.